ಹತ್ತೂವರಿ ಮೀಟಿಂಗಿಗೆ ನಾಕಕ್ಕ ಹೋದವನ ಲಿನಕ್ಸ್ ಕಥಿ

ಮೀಟಿಂಗ್ ಇದ್ದದ್ದು ಮುಂಜಾನೆ ಹತ್ತೂವರಿಗೆ. ನಾ ಫೈಲ್ ಬಗಲಾಗ ಹಿಡ್ಕೊಂಡು ಕಾನ್ಫರೆನ್ಸ್ ರೂಮಿನ ಬಾಗಿಲಾ ತಗದದ್ದು ಸಂಜಿ ನಾಕಕ್ಕ. ಒಳಗ ಒಂದು ನರಪಿಳ್ಳಿ ಇಲ್ಲ, ಎಸಿ ಬಂದ್, ಟೇಬಲ್ ಮ್ಯಾಲ ತಳದಾಗ ಚಾ ಒಣಗಿದ ಕಪ್ಪು, ಬೋರ್ಡಿನ ಮ್ಯಾಲ ಯಾರೋ ಕೆಂಪು ಪೆನ್ನಿನಾಗ "ಕಿಲ್ನ್ 2 ಬೇರಿಂಗ್ – ಪ್ಲಾನಿಂಗ್???" ಅಂತ ಬರದು ಕೆಳಗ ಎರಡು ಸಲ ಗೆರಿ ಎಳದಿದ್ರು. ಆ ಪ್ಲಾನಿಂಗ್ ಅಂದ್ರ ನಾನ.

ಮುಂಜಾನಿಯಿಂದ ಕಿಲ್ನ್ (ಕಬ್ಬಿಣದ ಅದಿರು ಕಾಯಿಸೋ ದೊಡ್ಡ ಭಟ್ಟಿ) ಹತ್ರ ಇದ್ದೆ, ಆ ಸಪ್ಪಳದಾಗ ಫೋನ್ ಬಡಕೊಂಡ್ರೂ ಕಿವಿಗೆ ಬೀಳಂಗಿಲ್ಲ, ಊಟಕ್ಕ ಬಂದು ನೋಡಿದ್ರ ನಾಕು ಮಿಸ್ ಕಾಲ್, ಸ್ಟೋರ್ಸಿನವ್ರು ಏನರ ಕೇಳಾಕ ಮಾಡಿರಬೇಕು ಬಿಡು ಅಂತ ಸುಮ್ನಾದೆ, ಯಾಕಂದ್ರ ನನ್ನ ಲ್ಯಾಪ್‌ಟಾಪ್ ಸ್ಕ್ರೀನಿನ ಮೂಲ್ಯಾಗ ದಪ್ಪ ಅಕ್ಷರದಾಗ "ಶಟ್‌ಡೌನ್ ರಿವ್ಯೂ – 16:00" ಅಂತ ಕುಂತಿತ್ತಲ್ಲ. ಮರದಿನ ಜಿಎಂ ಸಾಹೇಬ್ರು ಎಲ್ಲಾರ ಮುಂದ ಕೇಳಿದ್ರು, "ಏನ್ರಿ, ನಿಮ್ಮ ಲಿನಕ್ಸಿನಾಗ ಯಾವ ದೇಶದ ಟೈಮ್ ನಡಿತೈತಿ?" ಲಿನಕ್ಸ್ ಅಂದ್ರ ವಿಂಡೋಸ್ ಬದಲಿಗೆ ನಾ ಹಾಕ್ಕೊಂಡಿರೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್. ಎಲ್ಲಾರೂ ನಕ್ರು. ನಾನೂ ನಕ್ಕೆ, ಏನ್ ಮಾಡೋದು. ರಾತ್ರಿ ಮನಿಗೆ ಬಂದು ಕುಂತು ಹುಡುಕಿದಾಗ ಗೊತ್ತಾತು, ಸಾಹೇಬ್ರು ಚೇಷ್ಟಿಗೆ ಅಂದ ಮಾತು ಖರೇನ ಇತ್ತು. ಹತ್ತೂವರಿಯಿಂದ ನಾಕಕ್ಕ ಎಷ್ಟು ತಾಸು ಎಣಿಸಿ ನೋಡ್ರಿ. ಐದೂವರಿ.

ಇರ್ಲಿ, ಮೊದಲಿಂದ ಹೇಳ್ತೀನಿ.

ಕೊಪ್ಪಳದಿಂದ ಹೊಸಪೇಟಿ ಕಡೆ ಹೊಂಟ್ರ ಗಿಣಿಗೇರಿ ಸುತ್ತಮುತ್ತ ಕಬ್ಬಿಣದ ಫ್ಯಾಕ್ಟರಿ ಸಾಲಾಗಿ ಅದಾವು, ಅದರಾಗ ಒಂದರ ಮೇಂಟೆನನ್ಸ್ ಪ್ಲಾನಿಂಗಿನಾಗ ನಾ ಇರೋದು. ಹೆಸರು ಬ್ಯಾಡ. ಕಿಲ್ನ್ ಯಾವಾಗ ನಿಲ್ಲಿಸೋದು, ಒಳಗ ಇಟ್ಟಂಗಿ ಮ್ಯಾಲ ಅಂಟಿ ಗಟ್ಟಿ ಆಗಿರೋ ಪದರ ಯಾವತ್ತು ಒಡಿಸೋದು, ಬೇರಿಂಗ್ ಎಲ್ಲಿಗೆ ಬಂತು, ಕ್ರೇನ್ ಯಾರದು, ಇದೆಲ್ಲಾ ನಡಿಯೋದು ಮೇಲ್ ಮ್ಯಾಲ, ಮೇಲಿಗಿಂತ ಜಾಸ್ತಿ ಕ್ಯಾಲೆಂಡರ್ ಮ್ಯಾಲ. ಈ ಮೇಲ್, ಕ್ಯಾಲೆಂಡರ್ ಎಲ್ಲಾ ಇಟ್ಟಿರೋ ಸರ್ವರ್ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್, ಹೆಡ್ ಆಫೀಸಿನ ಸ್ವಂತ ರೂಮಿನಾಗ ಇಟ್ಟಾರ, ಕ್ಲೌಡ್ ಅಲ್ಲ. ಎಲ್ಲಾರ ಮಷೀನಿನಾಗೂ ವಿಂಡೋಸ್, ಔಟ್‌ಲುಕ್. ನನ್ನ ಲ್ಯಾಪ್‌ಟಾಪ್ ಆರನೇ ಜನರೇಷನ್ ಇಂಟೆಲ್ಲು, ವಿಂಡೋಸ್ 11ಕ್ಕ ಎಂಟನೇ ಜನರೇಷನ್ನಿಂದ ಮ್ಯಾಲ ಬೇಕು, ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಚಿಪ್ ಬೇಕು, ಇಲ್ಲಿ ಎರಡೂ ಇಲ್ಲ. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ಮುಗಿತು. ಹೊಸ ಲ್ಯಾಪ್‌ಟಾಪ್ ಮುಂದಿನ ಬಜೆಟ್ಟಿನಾಗ ನೋಡೋಣು ಅಂದ್ರು. ಮುಂದಿನ ಬಜೆಟ್ ಅಂದ್ರ ಏನು ಅಂತ ಫ್ಯಾಕ್ಟರಿನಾಗ ದುಡದವ್ರಿಗೆ ಹೇಳಬೇಕಾಗಿಲ್ಲ.

ನಮ್ಮ ಪ್ಲಾಂಟಿಗೆ ಐಟಿ ಅಂದ್ರ ಒಬ್ಬನ ಹುಡುಗ, ಭಾಳ ಚಲೋ ಹುಡುಗ, ಅವನ್ನ ಕೇಳಿದೆ, ತಮ್ಮಾ ಇದರಾಗ ಲಿನಕ್ಸ್ ಮಿಂಟ್ ಹಾಕ್ಕೊಳ್ಲೇನು ಅಂತ. ಅವಾ ಅತ್ಲಾಗ ಇತ್ಲಾಗ ನೋಡಿ, "ಹಾಕ್ಕೊಳ್ರಿ ಸರ, ಆದ್ರ ಮೇಲ್ ಬರವಲ್ದು ಅಂತ ನನಗ ಫೋನ್ ಮಾಡಬ್ಯಾಡ್ರಿ" ಅಂದ. ಆಯ್ತಪಾ ಅಂದೆ. ಒಂದು ಭಾನುವಾರ ಪೆನ್ ಡ್ರೈವ್ ಚುಚ್ಚಿ, ಒಗ್ಗಾಣಿ ಮಿರ್ಚಿ ತಿಂದು ಮುಗಿಸೋದ್ರಾಗ ಮಿಂಟ್ ಕುಂತಿತ್ತು. ಪ್ರಿಂಟರ್ ಬಂತು, ವೈಫೈ ಬಂತು, ಕನ್ನಡ ಅಕ್ಷರ ಚಂದ ಬಂದ್ವು. ಆ ಖುಷಿನಾಗ, ಇನ್ನ ಮೇಲ್ ಏನು ಮಹಾ, ಐಮ್ಯಾಪ್ (ಸರ್ವರಿನಿಂದ ಮೇಲ್ ತರಿಸೋ ಸಾಮಾನ್ಯ ಭಾಷಾ) ಹಾಕಿದ್ರ ಆತು ಅಂತ ಥಂಡರ್‌ಬರ್ಡ್ ಅನ್ನೋ ಮೇಲ್ ಪ್ರೋಗ್ರಾಂ ತಗದೆ.

ಐಮ್ಯಾಪ್ ಇರಲೇ ಇಲ್ಲ. ಎಕ್ಸ್‌ಚೇಂಜಿನಾಗ ಐಮ್ಯಾಪು, ಅದರಂಥದ್ದ ಪಾಪು ಎರಡೂ ಇರ್ತಾವ, ಆದ್ರ ಹುಟ್ಟಿದಾಗಿಂದ ಮಲಗಿರ್ತಾವ, ಅಡ್ಮಿನ್ ಎಬ್ಬಿಸಿದ್ರ ಮಾತ್ರ ಏಳ್ತಾವ. ಹೆಡ್ ಆಫೀಸಿನವ್ರು ಎಬ್ಬಿಸಿಲ್ಲ, ಎಬ್ಬಸಂಗೂ ಇಲ್ಲ, ಸೆಕ್ಯೂರಿಟಿ ಅಂತ. ಅದು ತಪ್ಪು ಅಂತ ನಾನೂ ಹೇಳಂಗಿಲ್ಲ. ಬ್ರೌಸರಿನಾಗ ವೆಬ್ ಮೇಲ್ ತೆರಿತೈತಿ, ಫೈರ್‌ಫಾಕ್ಸಿನಾಗ ಚಲೋನ ನಡಿತೈತಿ, ನಿಜ ಹೇಳಬೇಕಂದ್ರ ನೂರರಾಗ ಎಂಬತ್ತು ಮಂದಿಗೆ ಅಷ್ಟ ಸಾಕು. ನಂಗ ಸಾಲ್ದು, ಯಾಕಂದ್ರ ನಮ್ಮ ಕಡೆ ತಿಂಗಳಿಗೊಮ್ಮೆ ಯಾವುದರ ಜೆಸಿಬಿ ರಸ್ತಾದ ಬಾಜು ಅಗದು ಫೈಬರ್ ಕತ್ತರಸ್ತೈತಿ, ಆವತ್ತು ಬ್ರೌಸರ್ ಬರೇ ಬಿಳಿ ಹಾಳಿ. ಡ್ರಾಯಿಂಗ್ ಬೇಕು, ಹಿಂದಿನ ಶಟ್‌ಡೌನಿನ ಮೇಲ್ ಬೇಕು, ವೆಂಡರ್ ಏನು ಬರಕೊಟ್ಟಿದ್ದ ಅನ್ನೋದು ಬೇಕು, ಎಲ್ಲಾ ಹೆಡ್ ಆಫೀಸಿನಾಗ ಐತಿ, ನಾ ಇಲ್ಲಿ ಧೂಳಿನಾಗ. ಮೇಲ್ ನನ್ನ ಡಿಸ್ಕಿನಾಗ ಇರಬೇಕು, ಅಷ್ಟ ನನ್ನ ಹಟ.

ಹುಡುಕಿದಾಗ ಸಿಕ್ಕಿದ್ದು ಡೇವ್‌ಮೇಲ್. ಇದೊಂದು ಜಾವಾ ಪ್ರೋಗ್ರಾಂ, ನಿಮ್ಮ ಮಷೀನಿನಾಗ ಸುಮ್ನ ಕುಂತಿರ್ತೈತಿ. ರಾಯಚೂರು ಗಂಜಿನಾಗ ಕನ್ನಡದ ರೈತಗೂ ತೆಲುಗಿನ ವ್ಯಾಪಾರಿಗೂ ನಡುವ ಒಬ್ಬ ದಲಾಲ ನಿಂತಿರ್ತಾನಲ್ಲ, ಹಂಗ. ಈ ಕಡೆ ಥಂಡರ್‌ಬರ್ಡಿಗೆ 1143ನೇ ಪೋರ್ಟಿನಾಗ (ಪೋರ್ಟ್ ಅಂದ್ರ ಮಷೀನಿನ ಬಾಗಿಲ ನಂಬರ್) ಐಮ್ಯಾಪ್ ಮಾತಾಡ್ತೈತಿ, ಕಳಸಾಕ 1025, ಕ್ಯಾಲೆಂಡರಿಗೆ 1080, ಆ ಕಡೆ ಎಕ್ಸ್‌ಚೇಂಜ್ ಜೊತಿ ಅದರದ ಭಾಷಾ, ಇಡಬ್ಲ್ಯೂಎಸ್ ಅಂತಾರ, ಎಕ್ಸ್‌ಚೇಂಜ್ ವೆಬ್ ಸರ್ವೀಸಸ್. ಸರ್ವರ್ ಐಮ್ಯಾಪ್ ಕೊಟ್ಟಿಲ್ಲ, ಥಂಡರ್‌ಬರ್ಡ್ ಐಮ್ಯಾಪ್, ಪಾಪ್ ಬಿಟ್ಟು ಬ್ಯಾರೆ ಕೇಳಂಗಿಲ್ಲ, ದಲಾಲ ಇಬ್ಬರಿಗೂ ಹೌದು ಹೌದು ಅಂತಾನ. 2025ರ ನವೆಂಬರಿನಾಗ ಬಂದ ಥಂಡರ್‌ಬರ್ಡ್ 145ರಾಗ ನೇರಾ ಎಕ್ಸ್‌ಚೇಂಜ್ ಮಾತಾಡೋ ಸೌಲಭ್ಯ ಬಂತು, ಆದ್ರ ಮೇಲಿಗೆ ಮಾತ್ರ, ಕ್ಯಾಲೆಂಡರಿಗೆ ಇಲ್ಲ, ಮತ್ತ ನನ್ನ ಹತ್ರ ಇದ್ದದ್ದು ಅದಕ್ಕಿಂತ ಹಳೇದು.

ಇಲ್ಲೊಂದು ಸಣ್ಣ ಕಲ್ಲು ಕಾಲಿಗೆ ಎಡವಿತು. ಸರ್ವರಿನ ಸರ್ಟಿಫಿಕೇಟ್ (ಇದು ಖರೇ ಸರ್ವರ್ ಅಂತ ತೋರಿಸೋ ಗುರುತಿನ ಚೀಟಿ) ಕಂಪನಿಯವ್ರು ತಾವ ಮಾಡ್ಕೊಂಡಿದ್ದು, ವಿಂಡೋಸ್ ಮಷೀನುಗಳಿಗೆ ಅದು ತಾನ ಹೋಗಿ ಸೇರಿರ್ತೈತಿ, ನನ್ನ ಮಿಂಟಿಗೆ ಅದರ ಪರಿಚಯಾನ ಇಲ್ಲ. ಐಟಿ ಹುಡುಗ ಪೆನ್ ಡ್ರೈವಿನಾಗ ಆ ಸರ್ಟಿಫಿಕೇಟಿನ ಸಿಇಆರ್ ಫೈಲ್ ಕೊಟ್ಟ. ಅದನ್ನ ಓಪನ್ ಎಸ್‌ಎಸ್‌ಎಲ್ ಅನ್ನೋ ಪ್ರೋಗ್ರಾಮಿನಾಗ ಪೆಮ್ ಅನ್ನೋ ಟೆಕ್ಸ್ಟ್ ರೂಪಕ್ಕ ತಿರುಗಿಸಿ, ಕಡಿಗೆ ಸಿಆರ್‌ಟಿ ಅಂತ ಹೆಸರಿಟ್ಟು, ಸಿಸ್ಟಮಿನ ಸರ್ಟಿಫಿಕೇಟ್ ಫೋಲ್ಡರಿನಾಗ ಹಾಕಿ ಅಪ್‌ಡೇಟ್ ಕಮಾಂಡ್ ಕೊಡಬೇಕು. ಹೆಸರಿನ ಕಡಿಗೆ ಸಿಆರ್‌ಟಿ ಇರಲಿಲ್ಲಂದ್ರ ಆ ಕಮಾಂಡ್ ಫೈಲನ್ನ ಕಣ್ಣೆತ್ತಿನೂ ನೋಡಂಗಿಲ್ಲ, ಬಯ್ಯಂಗೂ ಇಲ್ಲ, ಸುಮ್ನ ಮುಗೀತು ಅಂತೈತಿ. ನಂದು ಒಂದು ಸಂಜಿ ಇದಕ್ಕ ಹೋತು. ಇನ್ನೊಂದು, ಲಾಗಿನ್ ಹೆಸರು ಮೇಲ್ ಐಡಿ ಅಲ್ಲ, ಮೊದಲ ಡೊಮೈನ್ ಹೆಸರು, ಆಮ್ಯಾಲ ಹಿಂದಕ್ಕ ಬಾಗಿದ ಗೀಟು, ಆಮ್ಯಾಲ ಎಂಪ್ಲಾಯಿ ನಂಬರ್. ಇದು ಯಾರೂ ಹೇಳಂಗಿಲ್ಲ, ಯಾಕಂದ್ರ ಔಟ್‌ಲುಕ್ ಬಳಸೋರು ಅದನ್ನ ಎಂದೂ ಬರಿಯಂಗಿಲ್ಲ.

ಮೇಲ್ ಬರಾಕ ಹತ್ತಿತು. ಮೂರು ವರ್ಷದ ಮೇಲ್ ಎಲ್ಲಾ ರಾತ್ರಿ ಪೂರಾ ಇಳಕೊಂಡು ಡಿಸ್ಕಿಗೆ ಬಂತು. ಮುಂದಿನ ವಾರ ಫೈಬರ್ ಕತ್ತರಿಸಿದಾಗ ಇಡೀ ಆಫೀಸಿನಾಗ ಹಳೇ ಪರ್ಚೇಸ್ ಆರ್ಡರ್ ತಗದು ತೋರಿಸಿದವ ನಾ ಒಬ್ಬನ (ಔಟ್‌ಲುಕ್ಕೂ ಆಫ್‌ಲೈನ್ ಇಡ್ತೈತಿ ಅನ್ನೋದು ಗೊತ್ತೈತಿ, ಆದ್ರ ನಮ್ಮವ್ರ ಸೆಟ್ಟಿಂಗಿನಾಗ ಬರೇ ಇತ್ತೀಚಿನ ಮೇಲ್ ಅಷ್ಟ ಇಳಿಯಂಗ ಇಟ್ಟಾರ). ಆವತ್ತಿನ ಗರ್ವ ನನ್ನನ್ನ ಕೆಡಿಸ್ತು.

ಯಾಕಂದ್ರ ಕ್ಯಾಲೆಂಡರಿಗೆ ನಾ ಸ್ವಂತ ಬುದ್ಧಿ ಉಪಯೋಗಿಸಿದೆ. ಮೀಟಿಂಗ್ ಇನ್ವೈಟ್ ಅಂದ್ರ ಏನು, ಮೇಲ್ ಒಳಗ ಒಂದು ಐಕ್ಯಾಲೆಂಡರ್ ತುಣುಕು ಇರ್ತೈತಿ, ಬರೇ ಟೆಕ್ಸ್ಟು, ಶುರು ಯಾವಾಗ, ಮುಗಿಯೋದು ಯಾವಾಗ, ಎಲ್ಲಿ, ಯಾರು. ಅದನ್ನ ಓದಿ ಇವತ್ತಿನ ಮೀಟಿಂಗ್ ಎಲ್ಲಾ ಸ್ಕ್ರೀನಿನ ಮೂಲ್ಯಾಗ ತೋರಿಸೋ ಪೈಥಾನ್ ಸ್ಕ್ರಿಪ್ಟ್ ಒಂದು ಬರದೆ, ನಲವತ್ತು ಸಾಲು. ನಾಕು ದಿನ ಚಂದ ನಡೀತು, ಆ ನಾಕು ದಿನದಾಗ ಬಂದ ಇನ್ವೈಟ್ ಎಲ್ಲಾ ವೆಂಡರ್‌ಗಳು ಜಿಮೇಲಿನಿಂದ ಕಳಸಿದ್ದು ಅನ್ನೋದು ಆಮ್ಯಾಲ ಗೊತ್ತಾತು. ಐದನೇ ದಿನದ್ದು ನಮ್ಮ ಸಾಹೇಬ್ರ ಆಫೀಸಿನ ಔಟ್‌ಲುಕ್ಕಿನಿಂದ ಬಂದದ್ದು.

ಆ ತುಣುಕನ್ನ ರಾತ್ರಿ ತಗದು ಓದಿದೆ. ಶುರು ಆಗೋ ಟೈಮ್ ಸರಿಯಾಗೇ ಇತ್ತು, ಹತ್ತು ಮೂವತ್ತು. ಅದರ ಮುಂದ ಟೈಮ್‌ಜೋನ್ ಹೆಸರು "ಇಂಡಿಯಾ ಸ್ಟ್ಯಾಂಡರ್ಡ್ ಟೈಮ್" ಅಂತ. ನಮಗ ನಿಮಗ ಇದಕ್ಕಿಂತ ಸ್ಪಷ್ಟ ಏನು ಬೇಕು? ಆದ್ರ ಲಿನಕ್ಸಿನ ಟೈಮ್‌ಜೋನ್ ಪಟ್ಟಿನಾಗ ಆ ಹೆಸರಿಲ್ಲ. ಅಲ್ಲಿ ಇರೋದು ಏಷ್ಯಾ/ಕೋಲ್ಕತಾ. ವಿಂಡೋಸಿಗೆ ಅದರದ ಹೆಸರುಗಳು, ಉಳದ ಜಗತ್ತಿಗೆ ಖಂಡದ ಹೆಸರು, ಊರಿನ ಹೆಸರು. ಗೊತ್ತಿಲ್ಲದ ಹೆಸರು ಬಂದ್ರ ಯುಟಿಸಿ (ಜಗತ್ತಿನ ಮೂಲ ಟೈಮ್, ನಮ್ಮದಕ್ಕಿಂತ ಐದೂವರಿ ತಾಸು ಹಿಂದ) ಅಂತ ತಿಳ್ಕೊ ಅಂತ ಸ್ಕ್ರಿಪ್ಟಿನಾಗ ಒಂದು ಸಾಲು ಬರದವ ನಾನ, ಬರಿಯೋವಾಗ ಇಂಥಾದ್ದು ಎಲ್ಲಿ ಬರ್ತೈತಿ ಅಂತ ಅಂದ್ಕೊಂಡು. ಅದು ಹತ್ತೂವರಿಯನ್ನ ಯುಟಿಸಿ ಅಂತ ತಿಳ್ಕೊಂಡು, ಅದಕ್ಕ ನಮ್ಮ ಐದೂವರಿ ಕೂಡಿಸಿ, ನಾಕು ಗಂಟಿ ಅಂತ ತೋರಿಸಿತ್ತು. ಇನ್ನೂ ಹೊಟ್ಟಿ ಉರಿಯೋದು ಏನಂದ್ರ, ಆ ತುಣುಕಿನ ಮ್ಯಾಲಿನ ಭಾಗದಾಗ ಈ ಹೆಸರಿನ ಅರ್ಥ ಪ್ಲಸ್ 0530 ಅಂತ ಬಿಡಿಸಿ ಬರದಿರ್ತೈತಿ, ಔಟ್‌ಲುಕ್ಕು ತನ್ನ ಕೆಲಸ ಸರಿಯಾಗೇ ಮಾಡಿತ್ತು, ನನ್ನ ನಲವತ್ತು ಸಾಲಿನಾಗ ಅದನ್ನ ಓದೋ ಸಾಲ ಇರಲಿಲ್ಲ.

ಇದಕ್ಕ ಔಷಧ ಐತಿ. ಎಲ್ಲಾ ಭಾಷಾದ ಅಕ್ಷರಕ್ಕ ನಂಬರ್ ಕೊಡೋ ಯೂನಿಕೋಡ್‌ನವ್ರ ಸಿಎಲ್‌ಡಿಆರ್ ಅನ್ನೋ ಭಂಡಾರದಾಗ ವಿಂಡೋಸಿನ ಯಾವ ಹೆಸರಿಗೆ ಉಳದವ್ರ ಯಾವ ಹೆಸರು ಅಂತ ಒಂದು ಪಟ್ಟಿನ ಐತಿ. ಅದರಾಗ ನಮ್ಮ ಟೈಮ್ ಇನ್ನೂ ಏಷ್ಯಾ/ಕಲ್ಕತ್ತಾ ಅಂತಾನ ಐತಿ, ಹಳೇ ಹೆಸರು ಬದಲಿಸಿದ್ರ ಹಳೇ ಪ್ರೋಗ್ರಾಂ ಮುರಿತಾವ ಅಂತ. 2014ರ ನವೆಂಬರ್ 1ಕ್ಕ ಬಳ್ಳಾರಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾದ್ರೂ ಎಷ್ಟೋ ಅಂಗಡಿ ಬೋರ್ಡಿನ ಮ್ಯಾಲ ಹಳೇದ ಉಳದೈತಲ್ಲ, ಹಂಗ ಅನ್ಕೊಳ್ರಿ. ಪಟ್ಟಿ ಹಾಕಿ ಸ್ಕ್ರಿಪ್ಟ್ ರಿಪೇರಿ ಮಾಡಿದೆ. ಎರಡು ದಿನಕ್ಕ ಒಂದು ಮೀಟಿಂಗ್ ಮುಂದಕ್ಕ ಹೋತು, ಹಳೇ ಟೈಮೂ ತೋರಸಾಕತ್ತು, ಹೊಸದೂ ತೋರಸಾಕತ್ತು. ಆಮ್ಯಾಲ ಸಾಹೇಬ್ರ ಪಿಎ ಅವರ ಫೋನು: "ನೀವು ಒಂದಕ್ಕೂ ಅಕ್ಸೆಪ್ಟ್ ಒತ್ತಿಲ್ಲಲ್ರೀ, ಬರ್ತೀರೋ ಇಲ್ಲೋ?"

ಅವತ್ತು ಸ್ಕ್ರಿಪ್ಟ್ ಅಳಿಸಿದೆ. ಮೇಲ್ ಅನ್ನೋದು ಒಬ್ಬನ ಕೆಲಸ, ಬಂತು, ಓದಿದೆ, ಮುಗೀತು. ಕ್ಯಾಲೆಂಡರ್ ಹಂಗಲ್ಲ, ಅದರಾಗ ನಾ ಒತ್ತಿದ್ದು ಇನ್ನೊಬ್ಬರ ಸ್ಕ್ರೀನಿನಾಗ ಕಾಣಬೇಕು, ರೂಮ್ ಖಾಲಿ ಐತೇನು ಅನ್ನೋದು ನಂಗ ಕಾಣಬೇಕು, ಪಿಎ ಅವ್ರು ಟೈಮ್ ಬದಲಿಸಿದ್ರ ನಂದು ತಾನ ಸರಿಬೇಕು. ಓದೋ ದಾರಿ ಎಷ್ಟು ಬೇಕಾದ್ರೂ ಹುಡುಕಬಹುದು, ಉತ್ತರ ಕೊಡೋದಕ್ಕ ಸರ್ವರಿನ ಭಾಷಾನ ಬೇಕು.

ಡೇವ್‌ಮೇಲಿನ ಕ್ಯಾಲೆಂಡರ್ ಹಾಕಿ ನೋಡಿದೆ, ಥಂಡರ್‌ಬರ್ಡಿನಾಗ. ನಡಿತು, ಆದ್ರ ಒಂದೊಂದು ಮೀಟಿಂಗ್ ಎರಡೆರಡು ಕಾಣಾಕತ್ತು. ಕಾರಣ ಏನಂದ್ರ ಎಕ್ಸ್‌ಚೇಂಜ್ ಇನ್ವೈಟ್ ಬಂದ ಕೂಡಲೇ ನೀವು ಮೇಲ್ ತೆರಿಯೋದಕ್ಕಿಂತ ಮೊದಲ ತಾನ ಕ್ಯಾಲೆಂಡರಿನಾಗ "ಬಹುಶಃ" ಅಂತ ಒಂದು ಇಟ್ಟಿರ್ತೈತಿ. ನಾ ಮೇಲಿನಾಗ ಅಕ್ಸೆಪ್ಟ್ ಒತ್ತಿದ್ರ ಥಂಡರ್‌ಬರ್ಡ್ ಇನ್ನೊಂದು ಇಡ್ತಿತ್ತು, ಅದೂ ಮೊದಲ ಸಲ ನಾ ತಪ್ಪಿ ಮಷೀನಿನ ಸ್ವಂತ ಕ್ಯಾಲೆಂಡರನ್ನ ಆರಿಸಿದ್ದಕ್ಕ. ಮೇಲ್ ಬಿಟ್ಟು ನೇರಾ ಕ್ಯಾಲೆಂಡರಿನಾಗ ಹೋಗಿ ಉತ್ತರ ಕೊಟ್ರ ಸರಿ ಆಗ್ತಿತ್ತು, ಆದ್ರ ಹತ್ತು ವರ್ಷದ ಕೈ ಚಾಳಿ, ಮೇಲ್ ಕಂಡ್ರ ಬಟನ್ ಒತ್ತತೈತಿ.

ಕಡಿಗೆ ಎವಲ್ಯೂಷನ್ ಅನ್ನೋ ಲಿನಕ್ಸಿನ ಮೇಲ್-ಕ್ಯಾಲೆಂಡರ್ ಪ್ರೋಗ್ರಾಮಿಗೆ ಬಂದೆ. ನೋಡಾಕ ಇಪ್ಪತ್ತು ವರ್ಷದ ಹಿಂದಿನ ಔಟ್‌ಲುಕ್ ಇದ್ದಂಗ ಐತಿ, ಮದ್ವಿ ಫೋಟೋದಾಗಿನ ಸೂಟಿನಂಗ. ಇದರ ಹಿಂದ ಒಂದು ಕಥಿ ಐತಿ, ನಂಗ ಇಂಥವು ಸೇರ್ತಾವ, ಬ್ಯಾಡಾದವ್ರು ಮುಂದಿನ ಪ್ಯಾರಾಕ್ಕ ಹೋಗ್ರಿ. ಜಿಮಿಯನ್ ಅಂತ ಕಂಪನಿ ಎವಲ್ಯೂಷನ್ ಬರದಿದ್ದು, ಅವ್ರು ಅದನ್ನ ಎಕ್ಸ್‌ಚೇಂಜಿಗೆ ಜೋಡಸೋ ಒಂದು ಕನೆಕ್ಟರ್ ತಂದ್ರು, ಎವಲ್ಯೂಷನ್ ಪುಕ್ಕಟೆ, ಕನೆಕ್ಟರಿಗೆ ದುಡ್ಡು. ಅದು ಸರ್ವರಿನ ಮುಂಬಾಗಿಲದಿಂದ ಹೋಗ್ತಿರಲಿಲ್ಲ, ಬ್ರೌಸರ್ ಮೇಲಿಗಂತ ಇಟ್ಟ ವೆಬ್‌ಡಾವ್ ಅನ್ನೋ ಹಿತ್ತಲ ಬಾಗಿಲದಿಂದ ನುಗ್ತಿತ್ತು. 2003ರಾಗ ನಾವೆಲ್ ಕಂಪನಿ ಜಿಮಿಯನ್ನನ್ನ ಕೊಂಡು, 2004ರಾಗ ಆ ಕನೆಕ್ಟರನ್ನ ಓಪನ್ ಸೋರ್ಸ್ ಮಾಡ್ತು, ಅಂದ್ರ ಅದರ ಕೋಡ್ ಎಲ್ಲಾರಿಗೂ ಬಿಟ್ಟುಕೊಡ್ತು. ಎಕ್ಸ್‌ಚೇಂಜ್ 2007ರಾಗ ಇಡಬ್ಲ್ಯೂಎಸ್ ಬಂತು, 2010ರ ಆವೃತ್ತಿನಾಗ ವೆಬ್‌ಡಾವನ್ನ ತಗದ ಬಿಟ್ರು, ಹಿತ್ತಲ ಬಾಗಿಲಾ ಬಂದ್. ಎವಲ್ಯೂಷನ್‌ನವ್ರು ಮತ್ತ ಹೊಸದಾಗಿ ಇಡಬ್ಲ್ಯೂಎಸ್ ಕಲಿಬೇಕಾತು. ನಾ ಇವತ್ತು ಬಳಸೋದು ಅದನ್ನ.

ಅಕೌಂಟ್ ಹಾಕೋವಾಗ ಸರ್ವರಿನ ವಿಳಾಸ ಒಂದು ಸಲ ಕೈಲೆ ಬರದು, ಪಕ್ಕದಾಗ ಫೆಚ್ ಯುಆರ್‌ಎಲ್ ಅಂತ ಬಟನ್ ಒತ್ತಿದ್ರ ಅಡ್ರೆಸ್ ಬುಕ್ಕಿನ ವಿಳಾಸ ತಾನ ತರ್ತೈತಿ. ಆ ಅಡ್ರೆಸ್ ಬುಕ್ಕನ್ನ ಆಫ್‌ಲೈನ್ ಇಟ್ಕೊಳ್ಳೋ ಟಿಕ್ಕು ಹಾಕ್ರಿ, ಮರಿಬ್ಯಾಡ್ರಿ. ಮೇಲಿನಾಗ ಇನ್ವೈಟ್ ಬಂದ್ರ ಅಲ್ಲೇ ಅಕ್ಸೆಪ್ಟ್, ಪಿಎ ಅವ್ರ ಕಡೆ ಹಸಿರು ಟಿಕ್ ಕಾಣ್ತೈತಿ (ಫೋನ್ ಮಾಡಿ ಕೇಳಿ ಖಾತ್ರಿ ಮಾಡ್ಕೊಂಡೀನಿ, ಮೂರು ಸಲ). ಯಾರು ಯಾವಾಗ ಖಾಲಿ ಅದಾರ ಅನ್ನೋದೂ ಪಟ್ಟಿ ಪಟ್ಟಿ ಆಗಿ ಕಾಣ್ತೈತಿ. ಕಾನ್ಫರೆನ್ಸ್ ರೂಮ್ ಬುಕ್ ಮಾಡೋದಷ್ಟ ನಾ ಈಗಲೂ ಬ್ರೌಸರಿನಾಗ ಮಾಡ್ತೀನಿ, ನಂಬಿಕಿ ಇಲ್ಲಂತಲ್ಲ, ಬೋರ್ಡಿನ ಮ್ಯಾಲಿನ ಆ ಮೂರು ಪ್ರಶ್ನಾರ್ಥಕ ಚಿಹ್ನಿ ಕಣ್ಣ ಮುಂದಿಂದ ಹೋಗಿಲ್ಲ.

ಒಂದು ಎಚ್ಚರಿಕಿ ಹೇಳ್ತೀನಿ, ಇದು ಯಾರಿಗಾದ್ರೂ ಆಗ್ತೈತಿ. ನಮ್ಮಲ್ಲಿ ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕು. ನಾ ಬದಲಿಸಿದೆ, ಎವಲ್ಯೂಷನ್‌ನಾಗ ಹೊಸದು ಕೊಟ್ಟೆ, ಆರಾಮ ಕುಂತೆ. ಹತ್ತು ನಿಮಿಷಕ್ಕ ಅಕೌಂಟ್ ಲಾಕ್. ಐಟಿ ಹುಡುಗ ಬಿಡಿಸಿದ, ಮತ್ತ ಲಾಕ್. ಮೂರನೇ ಸಲ ಅವನ ಫೋನು, "ಸರ, ನಿಮ್ಮ ಮಷೀನಿನಾಗ ಯಾವುದೋ ಒಂದು ಹಳೇ ಪಾಸ್‌ವರ್ಡ್ ಹಿಡ್ಕೊಂಡು ಬಾಗಿಲಾ ಬಡಿಯಾಕತ್ತೈತಿ ನೋಡ್ರಿ." ಬಿಟ್ಟಿದ್ದ ಥಂಡರ್‌ಬರ್ಡ್. ಅದು ಹಿಂದ ತೆರದ ಇತ್ತು, ಮೇಲ್ ತರಾಕ ಒಂದು, ಕಳಸಾಕ ಒಂದು, ಕ್ಯಾಲೆಂಡರಿಗೆ ಒಂದು, ಒಟ್ಟು ಮೂರು ಕಡೆ ಹಳೇ ಪಾಸ್‌ವರ್ಡ್ ಉಳಿಸಿಟ್ಟಿತ್ತು, ಡೇವ್‌ಮೇಲ್ ದಲಾಲ ಅದನ್ನ ನಿಯತ್ತಿಲೆ ಸರ್ವರಿಗೆ ಮುಟ್ಟಸ್ತಿದ್ದ. ಪಾಸ್‌ವರ್ಡ್ ಬದಲಿಸೋ ಮೊದಲ ಎಲ್ಲಾ ಬಂದ್ ಮಾಡ್ರಿ, ಫೋನಿನಾಗಿನ ಮೇಲ್ ಆ್ಯಪ್ ಸೈತ.

ಇದು ಎಷ್ಟು ದಿನ ನಡಿತೈತಿ? ಸರ್ವರ್ ಹೆಡ್ ಆಫೀಸಿನಾಗ ಇರೋತನಕ ಚಿಂತಿ ಇಲ್ಲ. ಆದ್ರ ಎಕ್ಸ್‌ಚೇಂಜ್ 2016, 2019 ಎರಡರ ಸಪೋರ್ಟೂ ವಿಂಡೋಸ್ 10ರ ಜೊತಿನ, ಅದೇ 2025ರ ಅಕ್ಟೋಬರ್ 14ಕ್ಕ ಮುಗದೈತಿ, ಹಂಗಾಗಿ ಕ್ಲೌಡಿಗೆ ಹೋಗೋ ಮಾತು ಶುರು ಆಗೈತಿ. ಕ್ಲೌಡಿನಾಗ ಬರೇ ಹೆಸರು ಪಾಸ್‌ವರ್ಡ್ ಕೊಟ್ಟು ಒಳಗ ಹೋಗೋದನ್ನ 2022ರ ಅಕ್ಟೋಬರಿನಿಂದ ಬಂದ್ ಮಾಡ್ಕೊಂತ ಬಂದ್ರು, ಇಡಬ್ಲ್ಯೂಎಸ್ಸನ್ನೂ 2026ರ ಅಕ್ಟೋಬರಿನಿಂದ ಮುಚ್ಚತೀವಿ ಅಂತ ಮೈಕ್ರೋಸಾಫ್ಟ್ ಹೇಳೈತಿ, ಅದರ ಬದಲಿಗೆ ಗ್ರಾಫ್ ಅಂತ ಹೊಸ ದಾರಿ. ಹಿತ್ತಲ ಬಾಗಿಲಾ ಮುಚ್ಚಿದಂಗ ಇದೂ ಒಂದು ಬಾಗಿಲಾ. ಎವಲ್ಯೂಷನ್‌ನವ್ರು ಹೊಸದನ್ನೂ ಕಲಿತಾರ, ಅದು ನನ್ನ ಹೆದರಿಕಿ ಅಲ್ಲ. ಅಲ್ಲಿ ಯಾವ ಪ್ರೋಗ್ರಾಮನ್ನ ಒಳಗ ಬಿಡಬೇಕು ಅಂತ ಅಡ್ಮಿನ್ ಒಂದು ಸಲ ಹ್ಞೂಂ ಅನ್ನಬೇಕು. ನಮ್ಮ ಹೆಡ್ ಆಫೀಸಿನಾಗ ಕೊಪ್ಪಳದ ಒಬ್ಬನ ಲ್ಯಾಪ್‌ಟಾಪಿಗಾಗಿ ಹ್ಞೂಂ ಅನ್ನೋರು ಯಾರು? ಅದಕ್ಕೊಂದು ಮೇಲ್ ಬರದು ಡ್ರಾಫ್ಟಿನಾಗ ಇಟ್ಟೀನಿ, ಭಾಳ ಮರ್ಯಾದಿ ಇಟ್ಟು ಬರದೀನಿ, ಇನ್ನೂ ಕಳಿಸಿಲ್ಲ.

ಹೋದ ವಾರ ಐಟಿ ಹುಡುಗ ಕ್ಯಾಂಟೀನಿನಾಗ ಬಾಜೂಕ ಬಂದು ಕುಂತ. ವೇ ಬ್ರಿಡ್ಜ್ ರೂಮಿನ ಪಿಸಿನೂ ವಿಂಡೋಸ್ 11 ತಗೋಳವಲ್ದಂತ, ಲಾರಿ ತೂಕದ ಎಂಟ್ರಿ ಎಲ್ಲಾ ಬ್ರೌಸರಿನಾಗ ನಡಿತೈತಿ, ಬ್ಯಾರೆ ಏನೂ ಇಲ್ಲಂತ. "ಸರ, ನಿಮ್ಮ ಆ ಪೆನ್ ಡ್ರೈವ್ ಒಂದಿನ ಕೊಡ್ರಿ" ಅಂದ.

"ಅಲ್ಲಿ ಕ್ಯಾಲೆಂಡರ್ ಐತೇನು?" ಅಂತ ಕೇಳಿದೆ.

"ಇಲ್ರಿ. ಗ್ವಾಡಿ ಮ್ಯಾಲ ಒಂದು ತೂಗು ಹಾಕ್ಯಾರ, ಬೇರಿಂಗ್ ಅಂಗಡಿಯವ್ರು ಕೊಟ್ಟಿದ್ದು."

ಹಂಗಾದ್ರ ತಗೊಂಡು ಹೋಗು ಅಂದೆ. ಎಂಟು ದಿನ ಆತು, ಪೆನ್ ಡ್ರೈವ್ ಇನ್ನೂ ವಾಪಸ್ ಬಂದಿಲ್ಲ.